ಮೂರನೆಯ ಹಿಡಿಕೆ

ಸಿದ್ರಾಯನ ಕೈಗೆ ಯಾರಾದರೂ ಚಹಾ ಕೊಟ್ಟರೆ ಅವನು ಮೊದಲು ಕೊಟ್ಟವರ ಮುಖ ನೋಡುತ್ತಾನೆ, ಆಮೇಲೆ ಚಹಾ ನೋಡುತ್ತಾನೆ. ಮೂಡಲಗಿಯಲ್ಲಿ ಮೂವತ್ತು ವರ್ಷಗಳಿಂದ ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುತ್ತ ಬಂದ ಈ ಮನುಷ್ಯನಿಗೆ ತಂತಿ ಮಾರುವವನು ತೂಕದಲ್ಲಿ ಹೊಡೆಯುತ್ತಾನೆಂದು ಸಂಶಯ, ಹಾಲಿನವಳು ನೀರು ಬೆರೆಸುತ್ತಾಳೆಂದು ಸಂಶಯ, ಕಂಡಕ್ಟರ್ ಬೇಕೆಂದೇ ಚಿಲ್ಲರೆ ಇಲ್ಲ ಅನ್ನುತ್ತಾನೆಂದು ಸಂಶಯ. ಹೆಂಡತಿ ಕೆಂಪವ್ವನ ಸಾರಿಗೆ ಉಪ್ಪು ಹೆಚ್ಚಾದರೂ ಅದರ ಹಿಂದೆ ಏನೋ ಇದೆ ಎಂದೇ ಅವನ ನಂಬಿಕೆ. ತುಕ್ಕಾನಟ್ಟಿಯ ಕುರಿಗಾರರ ಮನೆಯಲ್ಲಿ ಹುಟ್ಟಿದವನು. ಸಂಜೆ ಅಪ್ಪ ಕುರಿಗಳನ್ನು ಎರಡು ಸಲ ಎಣಿಸಿ ಹಟ್ಟಿಗೆ ಕೂಡಿದರೆ, ಹುಡುಗ ಸಿದ್ರಾಯ ಮೂರನೆಯ ಸಲ ಎಣಿಸುತ್ತಿದ್ದ. ಕೆಟ್ಟವನಲ್ಲ, ಪಾಪ. ಅವನ ಜೊತೆ ವ್ಯವಹಾರ ಮಾಡಿದವರು ಮಾತ್ರ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು.

ಇಂಥವನು ಅಂಗಡಿಯ ಒಳಕೋಣೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಇಪ್ಪತ್ತಾರು ಹಿಡಿಕೆಗಳನ್ನು ತೂಗುಹಾಕಿದ್ದ. ಹೊಸಬರು ಅವನ್ನು ಯಾವುದೋ ಯಂತ್ರದ ಬಿಡಿಭಾಗ ಅಂದುಕೊಳ್ಳುತ್ತಿದ್ದರು. ಅವು ಆಟದ ಸಾಮಾನು. ದೊಡ್ಡ ಹಲಗೆಯ ಮೇಲೆ ಕೊರೆದ ಸೀಳಿನಲ್ಲಿ ಅಂಗೈಯುದ್ದದ ಕಾರು ಓಡುತ್ತದೆ, ಸೀಳಿನ ಎರಡೂ ಬದಿಗೆ ಕರೆಂಟಿನ ಪಟ್ಟಿ. ಹಿಡಿಕೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದಷ್ಟೂ ಕಾರಿಗೆ ವೇಗ. ಹಿಡಿಕೆಯ ಹೊಟ್ಟೆಯೊಳಗೆ ತಂತಿ ಸುತ್ತಿದ ಒಂದು ಉರುಳೆ, ಒಂದು ಹಿತ್ತಾಳೆಯ ನಾಲಿಗೆ, ಒಂದು ಸ್ಪ್ರಿಂಗು, ಅಷ್ಟೆ. ತಿರುವಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಒತ್ತಿದರೆ ಕಾರು ಹಾರಿ ನೆಲಕ್ಕೆ ಬೀಳುತ್ತದೆ.

ಇಪ್ಪತ್ತೆಂಟು ವರ್ಷಗಳ ಹಿಂದೆ ಗೋಕಾಕದ ಹತ್ತಿರ ಯಾವುದೋ ಹಳೇ ಕ್ಲಬ್ಬಿನ ಗುಜರಿ ಹರಾಜಾಗಿತ್ತು. ತಾಮ್ರದ ಆಸೆಗೆ ಹೋಗಿದ್ದ ಸಿದ್ರಾಯನಿಗೆ ಎಂಟು ಹಿಡಿಕೆಗಳಿದ್ದ ಪೆಟ್ಟಿಗೆ ಸಿಕ್ಕಿತು. ಹಲಗೆ, ಕಾರುಗಳೆಲ್ಲ ಹುಕ್ಕೇರಿಯ ಗೊಬ್ಬರದ ವ್ಯಾಪಾರಿ, ಜೈನರ ಆಬಾಸಾಹೇಬರ ಪಾಲಾದವು. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು. ಇವನು ಹಿಡಿಕೆ ಮಾರಲೊಲ್ಲ, ಅವರು ಹಲಗೆ ಮಾರಲೊಲ್ಲರು. ಒಬ್ಬರನ್ನೊಬ್ಬರು ನಂಬದ ಕಾರಣಕ್ಕೇ ಇಬ್ಬರೂ ಪ್ರತಿ ರವಿವಾರ ಆಬಾಸಾಹೇಬರ ಗೊಬ್ಬರದ ಗೋದಾಮಿನ ಮಾಳಿಗೆಯಲ್ಲಿ ಒಟ್ಟಿಗೆ ಕೂತು ಆಡಬೇಕಾಯಿತು. ಆಡುತ್ತ ಆಡುತ್ತ ಸ್ನೇಹವಾಯಿತು, ಸಿದ್ರಾಯನಿಗೆ ಹಳೇ ಹಿಡಿಕೆ ಕೂಡಿಹಾಕುವ ಹುಚ್ಚೂ ಹಿಡಿಯಿತು. ಅವನದೊಂದು ನಿಯಮ: ಒಳಗಿನ ಒಂದು ಸ್ಕ್ರೂ ಬದಲಾದರೂ ಆ ಹಿಡಿಕೆ ಗುಜರಿಗೆ.

ಹೋದ ಶ್ರಾವಣದಲ್ಲಿ ಆಬಾಸಾಹೇಬರ ಅಣ್ಣನ ಮಗ ನಿತಿನ ಮುಂಬೈಯಿಂದ ಅರವತ್ತು ವರ್ಷ ಹಳೆಯದೊಂದು ಕಪ್ಪು ಹಿಡಿಕೆಯನ್ನು ಅವರಿಗೆ ತಂದುಕೊಟ್ಟ. ಅದನ್ನು ಕಂಡದ್ದೇ ಸಿದ್ರಾಯನ ಬಾಯಲ್ಲಿ ನೀರೂರಿತು. ಇಬ್ಬರ ನಡುವೆ ಇಂಥ ಅದಲು ಬದಲು ನಡೆಯುವುದು ಕುರಿ ಸಂತೆಯ ರೀತಿಯಲ್ಲಿ. ಇಬ್ಬರ ಕೈಗಳ ಮೇಲೂ ಟಾವೆಲ್ ಹೊದಿಸುವುದು, ಅದರ ಮರೆಯಲ್ಲಿ ಎದುರಿನವನ ಬೆರಳು ಹಿಡಿಯುವುದು. ಕೊಡುವವನು ಎಷ್ಟು ಬೆರಳು ಹಿಡಿದನೋ, ಬದಲಿಗೆ ಕೊಳ್ಳುವವನು ಅಷ್ಟು ಹಿಡಿಕೆ ಕೊಡಬೇಕು. ಸಿದ್ರಾಯ ಇದನ್ನು ಅಪ್ಪನಿಂದ ಕಲಿತಿದ್ದ, ಆಬಾಸಾಹೇಬರು ಸಿದ್ರಾಯನಿಂದ ಕಲಿತಿದ್ದರು. ಆ ದಿನ ಅವರು ಬೆರಳು ಹಿಡಿದರು. ಸಿದ್ರಾಯ ತಲೆಯಾಡಿಸಿ ಎರಡು ಹಿಡಿಕೆ ತೆಗೆದು ಮುಂದಿಟ್ಟ.

“ಮೂರ ಹಿಡದಿದ್ನೆಲ್ಲೋ ಸಿದ್ರಾಯಾ,” ಅಂದರು ಆಬಾಸಾಹೇಬರು.

“ಎರಡ ಹಿಡದೀರಿ ಸಾವ್ಕಾರ್ರ. ಬೆರಳ ನಂದು, ನನಗ ಗೊತ್ತಾಗೂದಿಲ್ಲೇನು?”

ಆಬಾಸಾಹೇಬರು ಅವನ ಕೈಯನ್ನೇ ಬಹಳ ಹೊತ್ತು ನೋಡಿದರು. “ಆತ ಬಿಡು, ಎರಡ ಇರಲಿ. ಸ್ವಲ್ಪ ಸ್ವಚ್ಛ ಮಾಡಿ ಮುಂದಿನ ರವಿವಾರ ಕೊಡ್ತೇನಿ.”

ವಾದ ಮಾಡಿದ್ದರೆ ಸಿದ್ರಾಯ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದ. ಒಂದು ಚೀಲ ಯೂರಿಯಾಕ್ಕೂ ಗಂಟೆಗಟ್ಟಲೆ ಜಗ್ಗಾಡುವ ವ್ಯಾಪಾರಸ್ಥ ಒಂದು ಹಿಡಿಕೆಯನ್ನು ಸುಮ್ಮನೆ ಬಿಟ್ಟುಕೊಡುತ್ತಾನೆಯೇ? ಅದನ್ನು ಸ್ವಚ್ಛ ಮಾಡುವಂಥದ್ದೇನಿತ್ತು? ಮೂಡಲಗಿ ಮುಟ್ಟುವವರೆಗೂ ಬಸ್ಸಿನಲ್ಲಿ ಅವನಿಗೆ ಅದೇ ಗುಂಗು.

ಮುಂದಿನ ರವಿವಾರ ಕಪ್ಪು ಹಿಡಿಕೆ ಕೈಗೆ ಬಂತು, ಆವತ್ತೇ ಸಿದ್ರಾಯ ಗೆದ್ದ. ಮರುವಾರವೂ ಗೆದ್ದ, ಅದರಾಚೆಯ ವಾರವೂ ಗೆದ್ದ. ಒಂದು ವರ್ಷದಿಂದ ತಿರುವು ತಿರುವಿಗೂ ಹಾರಿ ಬೀಳುತ್ತಿದ್ದ ಅವನ ಕಾರು ಸೀಳು ಬಿಟ್ಟು ಕದಲಲಿಲ್ಲ. ಬೇರೆ ಯಾರಾದರೂ ಕುಣಿದಾಡುತ್ತಿದ್ದರು. ಸಿದ್ರಾಯನಿಗೆ ನಿದ್ದೆ ಬರಲಿಲ್ಲ. ಸಾವಕಾರ ತನ್ನನ್ನು ಗೆಲ್ಲಿಸುತ್ತಿದ್ದಾನೆ, ಹಿಗ್ಗಿಸಿ ಹಿಗ್ಗಿಸಿ ಕಡೆಗೆ ಇಡೀ ಸಂಗ್ರಹವನ್ನೇ ಹೊಡೆಯುವ ಹುನ್ನಾರ ಇದು ಎಂದು ತೀರ್ಮಾನಿಸಿದ.

ಅಂಗಡಿಯಲ್ಲೂ ಗ್ರಹಗತಿ ನೆಟ್ಟಗಿರಲಿಲ್ಲ. ಕಲ್ಲೋಳಿಯ ಲಗಮಣ್ಣನಿಗೆ ಕಟ್ಟಿಕೊಟ್ಟ ಮೋಟಾರು ಎಂಟೇ ದಿನಕ್ಕೆ ಸುಟ್ಟು ವಾಪಸು ಬಂತು. ಬೆರಳಿನಲ್ಲೇ ಎಣಿಸುತ್ತ ಸುತ್ತುವ ಸುರುಳಿಯಲ್ಲಿ ತಂತಿಯ ಸುತ್ತು ಕಡಿಮೆ ಬಿದ್ದಿತ್ತು. ಸಿದ್ರಾಯ ಅದನ್ನು ಒಪ್ಪದೆ, ದಪ್ಪ ತಂತಿ ಎಂದು ಹೇಳಿ ಸಣ್ಣದು ಕೊಟ್ಟಿದ್ದೀ ಎಂದು ತಂತಿ ಮಾರುವವನ ಜೊತೆ ಜಗಳ ತೆಗೆದು, ಅವನ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಒಂದು ದಿನ ಊಟಕ್ಕೆ ಕೂತಾಗ ಕೆಂಪವ್ವ ಅವನ ಹೆಬ್ಬೆರಳಿನ ಬೊಬ್ಬೆ ನೋಡಿದಳು.

“ಬೆರಳ ಸುಟ್ಟೈತೆಲ್ರಿ! ಉರಿಯಾಕತ್ತಿಲ್ಲೇನು?”

“ಇಲ್ಲ. ಯಾಕ ಕೇಳ್ತಿ?” ಅಂದ ಸಿದ್ರಾಯ. ಅವಳು ಹಾಗೆ ಕೇಳಿದ್ದೇಕೆ ಎಂದು ಎರಡು ದಿನ ಯೋಚಿಸಿದ, ಬೊಬ್ಬೆಯ ಬಗ್ಗೆ ಯೋಚಿಸಲಿಲ್ಲ.

ನಾಲ್ಕನೆಯ ಗೆಲುವಿನ ಮರುದಿನ ಮುಂಗೈ ನೋಯತೊಡಗಿತು. ಇಷ್ಟು ನೋವು ಬರಬೇಕಾದರೆ ಗುಂಡಿ ಬಹಳ ಬಿಗಿ ಇರಬೇಕು ಎಂದು ಹೊಳೆದು, ಕಪ್ಪು ಹಿಡಿಕೆಯನ್ನು ಬಿಚ್ಚಿದ. ಕಪ್ಪಿಟ್ಟ ಹಿತ್ತಾಳೆಯ ನಡುವೆ ಹೊಚ್ಚ ಹೊಸ ಸ್ಪ್ರಿಂಗು, ಇರಬೇಕಾದದ್ದಕ್ಕಿಂತ ದಪ್ಪನೆಯದು, ಫಳಫಳ ಹೊಳೆಯುತ್ತಿತ್ತು. ಸಂಶಯ ನಿಜವಾದಾಗ ಸಿಗುವ ಒಂದು ಬಗೆಯ ಸಮಾಧಾನ ಮೊದಲು ಬಂತು. ಆಮೇಲೆ ಹಿಡಿಕೆಯನ್ನು ಮುಚ್ಚಿ, ಗೋಡೆಯ ಮೊಳೆಗೆ ಹಾಕದೆ ಪಕ್ಕಕ್ಕಿಟ್ಟ. ಇಪ್ಪತ್ತೆಂಟು ವರ್ಷದಲ್ಲಿ ಅವನಿಗಿದ್ದ ಗೆಳೆಯರೆಂದರೆ ಆಬಾಸಾಹೇಬರೊಬ್ಬರೇ.

ರವಿವಾರ ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಸೇರಿದಾಗ ಅವನ ಜೇಬಿನಲ್ಲಿ ಕಪ್ಪು ಹಿಡಿಕೆ, ಕೈಯಲ್ಲಿ ಖಾಲಿ ಚೀಲವಿತ್ತು. ಗೋದಾಮಿನಲ್ಲಿ ಬಿಟ್ಟಿದ್ದ ತನ್ನ ಸಾಮಾನನ್ನೆಲ್ಲ ತುಂಬಿಕೊಂಡು ಬಂದುಬಿಡಬೇಕು, ಮತ್ತೆ ಈ ಊರಿನ ಕಡೆ ತಲೆ ಹಾಕಿಯೂ ಮಲಗಬಾರದು ಎಂದುಕೊಂಡಿದ್ದ.

“ಇದರಾಗಿಂದು ಹಳೇ ಸ್ಪ್ರಿಂಗ್ ಎಲ್ಲಿ?” ಎಂದು ಹಿಡಿಕೆಯನ್ನು ಹಲಗೆಯ ಮೇಲೆ ಕುಕ್ಕಿದ.

“ಐತಿ,” ಅಂದರು ಆಬಾಸಾಹೇಬರು.

“ಎಲ್ಲಿ ಐತಿ? ಇಷ್ಟ ವರ್ಷ ಕೂಡಿ ಆಡಿ, ಕಡೀಕ ವ್ಯಾಪಾರಸ್ಥನ ಬುದ್ಧಿ ತೋರ್ಸಿದಿ!”

ಸಿದ್ರಾಯ ಅವರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆಬಾಸಾಹೇಬರು ಖಾನೆಯಿಂದ ಅಡಿಕೆ ಡಬ್ಬಿಯೊಂದನ್ನು ತೆಗೆದರು. ಒಳಗೆ ಮಡಿಸಿದ ಕಾಗದ, ಅದರಲ್ಲಿ ಹಳೇ ಸ್ಪ್ರಿಂಗು, ಕಾಗದದ ಮೇಲೆ ‘ಸಿದ್ರಾಯನದು’ ಎಂಬ ಬರಹ. ಸಿದ್ರಾಯ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅಸಲು ಮಾಲೇ.

“ಮತ್ತ ಯಾಕ ತೆಗದಿ?”

ಅವರು ಹೆಗಲ ಮೇಲಿನ ಟಾವೆಲ್ ಎಳೆದುಕೊಂಡರು. “ಕೈ ತಾ.” ಟಾವೆಲ್ ಹೊದಿಸಿ ಕೇಳಿದರು, “ಎಷ್ಟ ಹಿಡದೇನಿ?”

“ಎರಡು.”

“ಸರಿಯಾಗಿ ಹೇಳು.”

“ಎರಡ ಅಂದ್ನೆಲ್ಲ!” ಮೋಸವನ್ನು ಕಣ್ಣಾರೆ ಹಿಡಿಯಲೆಂದು ಸಿದ್ರಾಯ ಇನ್ನೊಂದು ಕೈಯಿಂದ ಟಾವೆಲ್ ಕಿತ್ತೆಸೆದ. ಅವನ ನಾಲ್ಕೂ ಬೆರಳುಗಳು ಆಬಾಸಾಹೇಬರ ಮುಷ್ಟಿಯಲ್ಲಿದ್ದವು.

“ಬಿಗಿ ಹಿಡೀರಿ,” ಅಂದ ಮೆಲ್ಲಗೆ.

“ಹಿಡದೇನಿ.”

ಉಗುರುಗಳು ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದರು. ಸಿದ್ರಾಯ ಆ ಬೆರಳುಗಳನ್ನು ಬೇರೆ ಯಾರದೋ ಎನ್ನುವಂತೆ ನೋಡಿದ. ಲಗಮಣ್ಣನ ಮೋಟಾರು, ತಂತಿ ಮಾರುವವನ ಬಾಡಿದ ಮುಖ, ಉರಿಯದ ಬೊಬ್ಬೆ ಎಲ್ಲ ನೆನಪಾದವು. ಈ ಬೆರಳುಗಳಿಂದಲೇ ದುಡಿದು ಉಂಡವನು. ಭಯವಾಯಿತು, ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟ.

“ನಮ್ಮವ್ವಗೂ ಹಿಂಗ ಆಗಿತ್ತ. ಶುಗರ್ ಇತ್ತು,” ಅಂದರು ಆಬಾಸಾಹೇಬರು. “ಬೆರಳಿಗೆ ತಿಳೀಲಿಲ್ಲಂದ್ರ ಮುಂಗೈಗರ ತಿಳೀಲಿ ಅಂತ ಬಿಗಿ ಸ್ಪ್ರಿಂಗ್ ಹಾಕಿದೆ.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಏನಂತಿದ್ದಿ?”

ಸಿದ್ರಾಯ ಪ್ರಾಮಾಣಿಕವಾಗಿ ಯೋಚಿಸಿದ. “ನನ್ನ ಹಿಡಿಕಿ ಹೊಡಿಯಾಕ ಹೂಡಿದ ಆಟ ಅಂತಿದ್ದೆ.”

“ಅದಕ್ಕ ಹೇಳಲಿಲ್ಲ. ಡಾಕ್ಟರ್ ಕಡೆ ಹೆಂಗ ಕರಕೊಂಡ ಹೋಗಬೇಕಂತ ದಾರಿ ಹುಡುಕಾಕತ್ತಿದ್ದೆ.”

ಮರುದಿನ ಕೆಂಪವ್ವನ ಜೊತೆ ಘಟಪ್ರಭಾದ ದವಾಖಾನೆಗೆ ಹೋದ. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ, ಬಹಳ ದಿನದಿಂದ ಇದೆ ಅಂದರು. ಸ್ಪರ್ಶ ಎಷ್ಟು ಮರಳುತ್ತದೋ ಹೇಳಲಾಗದು, ಇದ್ದದ್ದನ್ನು ಉಳಿಸಿಕೊಳ್ಳಿ ಅಂದರು. ಸಿದ್ರಾಯ ಇನ್ನೊಂದು ಕಡೆ ಮತ್ತೆ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದ, ಅಲ್ಲೂ ಅದೇ ಅಂದರು. ತಂತಿ ಮಾರುವವನ ಅಂಗಡಿಗೆ ಹೋಗಿ ತಪ್ಪಾಯಿತು ಅಂದ, ನಾಲ್ಕು ಕಿಲೋ ತಂತಿ ಕೊಂಡ. ತೂಕ ಮಾತ್ರ ತಾನೇ ಮಾಡಿದ.

ರವಿವಾರ ಮತ್ತೆ ಹುಕ್ಕೇರಿಗೆ ಹೋದಾಗ ಚೀಲದಲ್ಲಿ ಒಂದೇ ಒಂದು ಹಿಡಿಕೆಯಿತ್ತು. ಹರಾಜಿನ ಪೆಟ್ಟಿಗೆಯಿಂದ ಅವನು ಮೊಟ್ಟಮೊದಲು ಕೈಗೆತ್ತಿಕೊಂಡದ್ದು ಅದನ್ನೇ. ಕೋಣೆಗೆ ಬಂದವರಿಗೆ ಮುಟ್ಟಲು ಸಹ ಬಿಡುತ್ತಿರಲಿಲ್ಲ. ಅದನ್ನು ಆಬಾಸಾಹೇಬರ ಮುಂದಿಟ್ಟ.

“ಇದ್ಯಾಕೋ?”

“ಅವತ್ತ ನೀವು ಮೂರ ಹಿಡದಿದ್ರಿ ಸಾವ್ಕಾರ್ರ.” ಸಿದ್ರಾಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹಿಡಿಕೆಯ ಪಕ್ಕಕ್ಕಿಟ್ಟ. “ಒಳಗ ಎಲ್ಲಾ ಅಸಲ ಐತಿ. ಬೇಕಾದ್ರ ಬಿಚ್ಚಿ ನೋಡ್ರಿ.”

ಆಬಾಸಾಹೇಬರು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಹಿಡಿಕೆಯ ತಂತಿಯನ್ನು ಹಲಗೆಗೆ ಸಿಕ್ಕಿಸಿ ಕಾರು ಬಿಟ್ಟರು.