ಬೆವನ್ ನೋಡದ ದೋಣಿಯಿಲ್ಲ

ನನ್ನ ಅಕ್ಷರ ಕಾಗೆ ಕಾಲು, ಶಾಲೆ ಬಿಟ್ಟವಳ ಮಾತೂ ಅಷ್ಟೇ, ಕ್ಷಮಿಸಿ. ಆದರೂ ಬೆವನ್ ಎಂಬ ಮನುಷ್ಯನ ಮೇಲಿನ ಸಿಟ್ಟನ್ನು ಬರೆಯಲೇಬೇಕು. ನಮ್ಮೂರು ಪೇನ್ಸ್‌ವಿಲ್‌ನ ಸರೋವರದ ದಡದಲ್ಲಿ ಹಳೆಯ ಹಾಯಿದೋಣಿ ಮಾರಾಟಕ್ಕಿದೆ ಎಂದರೆ ಸಾಕು, ಬೆಲ್ಲಕ್ಕೆ ಇರುವೆ ಬಂದಂತೆ ಬರುತ್ತಾನೆ, ಕೊಳ್ಳುವುದು ಮಾತ್ರ ಇಲ್ಲ. ಅಪ್ಪನ ಬೆನ್ನು ಕೆಟ್ಟ ಮೇಲೆ ನಮ್ಮ ದೋಣಿಯೂ ಮಾರಾಟಕ್ಕೆಂದು, ಕಾರಿನ ಹಿಂದೆ ಎಳೆಯುವ ಟ್ರೇಲರ್ ಏರಿ ಅಂಗಳದಲ್ಲಿ ಒಣಗುತ್ತಿದೆ. ಪ್ರತಿ ಶನಿವಾರ ಬೆವನ್ ಅದನ್ನು ಕಲ್ಲಂಗಡಿಯಂತೆ ತಟ್ಟುತ್ತಾನೆ, ಟ್ರೇಲರಿನ ತುಕ್ಕು ಕೆರೆಯುತ್ತಾನೆ, ದೋಣಿಯೊಳಗೆ ಹೋಗಿ ಮಲಗಿ ಕಾಲು ಚಾಚಿ ಅಳೆಯುತ್ತಾನೆ. "ಹಾಯಿಕಂಬ ಒಬ್ನೇ ಎತ್ತಬಹುದೇನೇ ಹುಡುಗಿ?" "ಎತ್ಬಹುದು. ಹೋದ ವಾರಾನೂ ಹೇಳಿದ್ದೆ." "ಹಾಗಾದ್ರೆ ಇನ್ನೊಂದ್ಸಲ ಯೋಚಿಸ್ತೀನಿ." "ಇವನು ಯೋಚಿಸೋದ್ರೊಳಗೆ ಸರೋವರಾನೇ ಬತ್ತುತ್ತೆ" ಎಂದು ಅಪ್ಪ ಗೊಣಗುತ್ತಾನೆ. ಈ ಶನಿವಾರವಂತೂ ಒಳಗೇ ನಿದ್ದೆ ಹೋಗಿ ಗೊರಕೆ ಹೊಡೆದ. ಕೊಳ್ಳಲೆಂದೇ ಬಂದಿದ್ದ ಹೆಂಗಸು, ಮಲಗಿದ್ದವನನ್ನು ಕಂಡು, ದೋಣಿ ಮಾರಿಹೋಗಿದೆ ಎಂದುಕೊಂಡು ಹಿಂತಿರುಗಿದಳು. ಬೆವನ್ ಎದ್ದು ಹೊರಟಾಗ ಬೈಯಲೆಂದೇ ಅವನ ಕಾರಿನವರೆಗೆ ಹೋದೆ. ಹಿಂದೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡು, ಇಲ್ಲಿ ಎಲ್ಲರೂ ಹಾಕುವಂತೆ ಅದಕ್ಕೆ ಟೆನಿಸ್ ಚೆಂಡಿನ ಟೊಪ್ಪಿ. ಸಿಟ್ಟಿಗೆ ಕಿತ್ತೆ. ಚೆಂಡು ಬಿಸಿಲಿಗೆ ಬಿಳಿಚಿ ಹರಿದಿತ್ತು. ಒಳಗಿನ ಗುಂಡಿನ ಮೇಲೆ ಒಂದು ಗೀರೂ ಇರಲಿಲ್ಲ, ಒಮ್ಮೆಯೂ ಟ್ರೇಲರ್ ಸಿಕ್ಕಿಸಿದ ಗುರುತಿಲ್ಲ. "ಗುಂಡು ಹಾಕ್ಸಿ ಎಷ್ಟೋ ವರ್ಷ ಆಯ್ತು" ಎಂದ ಬೆವನ್, ನೆಲ ನೋಡುತ್ತ. "ಕಾರು ಹಿಂದಕ್ಕೆ ಬಿಟ್ಟು ದೋಣಿ ನೀರಿಗಿಳಿಸೋವಾಗ ದಡದಲ್ಲಿ ಎಲ್ರೂ ನಿಂತು ನೋಡ್ತಾರಲ್ಲ, ಟ್ರೇಲರ್ ಅಡ್ಡ ತಿರುಗಿದ್ರೆ ನಗ್ತಾರೆ." ಎಲ್ಲರೂ ನೋಡಿ ನಗುವುದೆಂದರೆ ಏನೆಂದು ಶಾಲೆ ಬಿಟ್ಟ ನನಗೂ ಗೊತ್ತು. ಬುಧವಾರ ಬೆಳಿಗ್ಗೆ ದಡದಲ್ಲಿ ಯಾರೂ ಇರುವುದಿಲ್ಲ. ಅಂದು ನಮ್ಮ ಟ್ರೇಲರನ್ನು ಅವನ ಕಾರಿಗೆ ನಾನೇ ಸಿಕ್ಕಿಸುತ್ತೇನೆ.