ಶಾಂತಿಬಾಯಿ ಕನ್ನಡಿ ಕಿತ್ತ ಬೆಳಿಗ್ಗೆ

ಮೊನ್ನೆ ಶುಕ್ರವಾರ ಬೆಳಿಗ್ಗೆ ಶಾಂತಿಬಾಯಿ ನನ್ನ ಅಂಗಡಿ ಕೌಂಟರಿನ ಮುಂದೆ ಕೂತು, ತನ್ನ ಬಟ್ಟೆಗೆ ನಾನು ಹಾಕಿಸಿದ್ದ ಕನ್ನಡಿಗಳನ್ನು ಒಂದೊಂದಾಗಿ ಕೀಳತೊಡಗಿದಳು. ಬ್ಲೇಡು ಕೊಟ್ಟವನೂ ನಾನೇ.

ಮೊದಲಿಂದ ಹೇಳುತ್ತೇನೆ. ನ್ಯಾಮತಿಯಲ್ಲಿ ನನ್ನದೊಂದು ಬ್ಯಾಗಿನ ಅಂಗಡಿ ಇದೆ, ನಿಮಗೆ ಗೊತ್ತಲ್ಲ? ರಸ್ತೆ ಬದಿ ಟಾರ್ಪಾಲು ಹಾಸಿ ಶುರು ಮಾಡಿದ ವ್ಯಾಪಾರ. ಸೂರಗೊಂಡನಕೊಪ್ಪದ ಕಡೆಯ ತಾಂಡಾಗಳ ಹೆಣ್ಣುಮಕ್ಕಳಿಂದ ಲಂಬಾಣಿ ಕಸೂತಿಯ ಚೀಲ ಕೊಳ್ಳುತ್ತೇನೆ; ಶಾಂತಿಬಾಯಿ ಅವರಲ್ಲೊಬ್ಬಳು. ಒಂದು ಹೊಲಿಗೆ ತಪ್ಪಿದ್ದರೂ ರೇಟು ಇಳಿಸುತ್ತೇನೆ. ಬುದ್ಧಿವಾದ ಮಾತ್ರ ಪುಕ್ಕಟೆ. (ಅದನ್ನು ಯಾರೂ ಒಯ್ಯುವುದಿಲ್ಲ, ಆ ಮಾತು ಬೇರೆ.)

ಆ ಶುಕ್ರವಾರ ದಾವಣಗೆರೆಯಲ್ಲಿ ಕಸೂತಿ ಪ್ರದರ್ಶನವಿತ್ತು. ಫೋಟೊ ನೋಡಿ ಶಾಂತಿಬಾಯಿಯ ಒಂದು ಬಟ್ಟೆ ಆರಿಸಿದ್ದರು. ಅವಳ ಹೆಸರು ಗೋಡೆ ಏರುವುದು ಅದೇ ಮೊದಲು. ಮಧ್ಯಾಹ್ನ ಹನ್ನೆರಡರೊಳಗೆ ತಲುಪದಿದ್ದರೆ ಆ ಜಾಗ ಬೇರೆಯವರಿಗೆ. ಸರಕು ತರಲು ನಾನೂ ಹೋಗುವವನು, ಒಟ್ಟಿಗೆ ಹೋಗೋಣ ಅಂದಿದ್ದೆ. ಬಟ್ಟೆಯನ್ನು ಹಿಂದಿನ ದಿನವೇ ನನ್ನ ಅಂಗಡಿಯಲ್ಲಿಟ್ಟು ಹೋಗಿದ್ದಳು.

ಬಿಚ್ಚಿ ನೋಡಿದೆ. ಕೆಂಪು ಬಟ್ಟೆ, ತುಂಬ ಹೊಲಿಗೆ, ಕಣ್ಣು ಕೀಳಲಾಗದ ಕೆಲಸ. ಆದರೆ ಕನ್ನಡಿ ಇರಬೇಕಾದ ಕಡೆಯೆಲ್ಲ ಸುತ್ತ ಬಳೆಯಂಥ ಹೊಲಿಗೆ, ಒಳಗೆ ಖಾಲಿ. ಕನ್ನಡಿ ಇಲ್ಲದ ಲಂಬಾಣಿ ಕಸೂತಿ ಎಲ್ಲಾದರೂ ಉಂಟೇನ್ರೀ? ಪಾಪ, ಟೈಮ್ ಆಗಿರಲಿಕ್ಕಿಲ್ಲ ಅಂದುಕೊಂಡೆ. ಪಕ್ಕದ ಟೈಲರನ್ನು ಕರೆದು ಸಂಜೆಯೊಳಗೆ ಅಷ್ಟೂ ಜಾಗಕ್ಕೆ ಕನ್ನಡಿ ಹಾಕಿಸಿಬಿಟ್ಟೆ. ಎಂಥ ಉಪಕಾರ ಎಂದು ಬೀಗಿದ್ದೇ ಬೀಗಿದ್ದು.

ಬೆಳಿಗ್ಗೆ ಬಂದವಳು ಬಟ್ಟೆ ನೋಡಿ ನಿಂತೇಬಿಟ್ಟಳು.

“ಯಾರು ಹಾಕಿದ್ದು ಇವನ್ನ?”

“ನಾನೇ ಹಾಕ್ಸಿದೆ ಕಣವ್ವ. ಹೆಂಗೆ ಮಿಂಚ್ತೈತೆ ನೋಡು.”

“ಅಣ್ಣಾ, ಇದು ಜೈಲಿನಾಗೆ ಹೊಲಿದಿದ್ದು. ಅಲ್ಲಿ ಗಾಜು ಒಳಗೆ ಬಿಡಾಕಿಲ್ಲ. ಸೂಜೀನೂ ಎಣಿಸಿ ಕೊಟ್ಟು, ಎಣಿಸಿ ಇಸ್ಕೊಳ್ಳೋರು. ದಾರ ಹಳೇ ಸೀರೆ ಅಂಚಿಂದು. ಕನ್ನಡಿ ಜಾಗ ಬಿಟ್ಕೊಂಡೇ ಹೊಲಿದೀನಿ.”

ಹೊಲದ ಬದುವಿನ ಜಗಳ, ಹೊಡೆದಾಟದ ಕೇಸು, ಎರಡು ವರ್ಷ ಜೈಲು, ಕೊನೆಗೆ ಇವಳದ್ದೇನೂ ತಪ್ಪಿಲ್ಲವೆಂದು ಕೋರ್ಟೇ ಬಿಟ್ಟದ್ದು, ಇಷ್ಟು ನನಗೆ ಗೊತ್ತಿತ್ತು. ಅಲ್ಲಿ ಕೂತು ಹೊಲಿದಿದ್ದಾಳೆಂದು ಗೊತ್ತಿರಲಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ?

“ಹಂಗಾದ್ರೆ ಕನ್ನಡಿ ಇರ್ಲಿ ಬಿಡವ್ವ. ಜೈಲಿನ ಸುದ್ದಿ ಊರಿಗೆಲ್ಲ ಯಾಕೆ ಹೇಳ್ತೀಯ?”

“ಊರಿಗೆ ಗೊತ್ತಿಲ್ದೆ ಐತಾ? ನಾನು ಜೀಪ್ ಹತ್ತುವಾಗ ಎಲ್ಲಾರೂ ನಿಂತು ನೋಡ್ಯಾರೆ. ಇದನ್ನೂ ನೋಡ್ಲಿ. ಬ್ಲೇಡ್ ಕೊಡಣ್ಣ.”

ಬಸ್ಸಿಗೆ ಅರ್ಧ ಗಂಟೆ. ಅವಳು ಕುಯ್ಯುತ್ತಾಳೆ, ನಾನು ದಾರ ಎಳೆಯುತ್ತೇನೆ.

“ಮೆತ್ತಗೆ ಎಳಿಯಣ್ಣ, ರೇಟು ಇಳಿಸ್ದಂಗಲ್ಲ ಇದು,” ಅಂದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಟೈಲರ್ ನಕ್ಕುಬಿಟ್ಟ. ನಾನೂ ನಕ್ಕೆ, ಬೇರೆ ದಾರಿ ಏನಿತ್ತು?

ಆದರೂ ಪೂರ್ತಿ ಮುಗಿಯಲಿಲ್ಲ. ಬಸ್ಸಿನಲ್ಲಿ ಕೂತು ಕಿತ್ತೆವು. ಕೊನೆಯ ಕನ್ನಡಿ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಕಿತ್ತುಬಂತು. ದಾವಣಗೆರೆಯಲ್ಲಿ ಇಳಿದು ಆಟೊ ಹತ್ತಿದೆವು. (ಜೀವನದಲ್ಲಿ ಮೊದಲ ಸಲ ಆಟೊದವನ ಹತ್ತಿರ ಚೌಕಾಸಿ ಮಾಡಲಿಲ್ಲ.) ಹನ್ನೆರಡಕ್ಕೆ ಐದು ನಿಮಿಷವಿತ್ತು.

“ಎಲ್ಲಿ ಹೊಲಿದದ್ದು ಅಂತ ಬರೀಲಿ?” ಬಟ್ಟೆಯ ಪಕ್ಕ ಅಂಟಿಸುವ ಚೀಟಿ ಬರೆಯುತ್ತಿದ್ದವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಾಂತಿಬಾಯಿ, “ಜೈಲಿನಾಗೆ ಅಂತ ಬರೀರಿ,” ಅಂದಳು.

ಬಟ್ಟೆ ಗೋಡೆ ಏರಿತು. ಮಧ್ಯಾಹ್ನ ಕಾಲೇಜು ಹುಡುಗಿಯರ ಗುಂಪು ಬಂತು. ಪಕ್ಕದ ಬಟ್ಟೆಗಳ ಕನ್ನಡಿಯಲ್ಲೆಲ್ಲ ಮುಖ ನೋಡಿಕೊಂಡು ಬಂದವರು ಇದರ ಮುಂದೆಯೂ ಬಗ್ಗಿದರು. ಒಬ್ಬಳು ಕೂದಲು ಸರಿಮಾಡಿಕೊಳ್ಳಲು ಎತ್ತಿದ ಕೈ ಹಾಗೇ ನಿಂತಿತು.

“ಆಂಟಿ, ಇದ್ರಾಗೆ ಮುಖಾನೇ ಕಾಣಲ್ವಲ್ಲ?”

“ನನಗೂ ಎರಡು ವರ್ಷ ಕಂಡಿಲ್ಲವ್ವ,” ಅಂದಳು ಶಾಂತಿಬಾಯಿ.

ಆ ಹುಡುಗಿ ಕೈ ಇಳಿಸಿದಳು. ಚೀಟಿ ಓದಿದಳು. ಆಮೇಲೆ ಗೆಳತಿಯರನ್ನೆಲ್ಲ ಕೂಗಿ ಕರೆದಳು.

ಈಗ ನೀವೇ ಹೇಳಿ, ಇಂಥದ್ದನ್ನು ರಿಪೇರಿ ಮಾಡಿಸಿದವನ ಬುದ್ಧಿವಾದ ಪುಕ್ಕಟೆ ಸಿಕ್ಕರೂ ಯಾರಿಗೆ ಬೇಕು?