ನಸುಗುನ್ನಿ ಮತ್ತು ಕಲ್ಲವ್ವನ ಕಪ್ಪು

ಬೇಲಿಯ ನಸುಗುನ್ನಿ ಬಳ್ಳಿ ಕಿತ್ತದ್ದೇ ತಪ್ಪಾಯಿತು. ಕಾಯಿಯ ಮೇಲಿನ ಸಣ್ಣ ಕೂದಲು ತಗುಲಿ ಎರಡೂ ಕೈ ಉರಿಯತೊಡಗಿದವು. ಕೊಣ್ಣೂರಿನ ನಮ್ಮ ಹಿತ್ತಲಿನಲ್ಲಿ ಕಸ ಕೀಳಲು ಬರುವ ಕಲ್ಲವ್ವ ಓಡಿ ಬಂದಳು.

“ಕೆರೀಬ್ಯಾಡ್ರಿ ಅಕ್ಕಾರ. ರೊಟ್ಟಿಗೆ ನಾದಿದ್ದ ಹಿಟ್ಟ ತರ್ರಿ.”

ತಂದುಕೊಟ್ಟೆ. ಜೋಳದ ಹಿಟ್ಟಿನ ಮುದ್ದೆಯನ್ನು ನನ್ನ ಕೈಮೇಲೆ ಒತ್ತಿ ಒತ್ತಿ ಎತ್ತಿದಳು. ಕೂದಲೆಲ್ಲ ಹಿಟ್ಟಿಗೆ ಅಂಟಿ ಬಂತು. ಅರ್ಧ ತಾಸು ಅವಳು ನನ್ನ ಕೈ ಬಿಡಲಿಲ್ಲ.

ಅವಳಿಗೆಂದೇ ಬೇರೆ ಇಟ್ಟ ಕಪ್ಪು ನಮ್ಮ ಹಿತ್ತಲ ಕಿಟಕಿಯಲ್ಲಿರುತ್ತಿತ್ತು. ಅಂದು ಅದನ್ನು ತೆಗೆದು ಒಳಗಿಟ್ಟು, ನಾವು ಕುಡಿಯುವ ಕಪ್ಪಿನಲ್ಲೇ ಚಹಾ ಕೊಟ್ಟೆ. ಅವಳು ಅದನ್ನೇ ನೋಡಿದಳು.

“ನನ್ನ ಕಪ್ಪ ಒಡೀತೇನ್ರಿ?”

“ಹೂಂ, ಒಡೀತು” ಎಂದೆ.

ತುರಿಕೆ ಸಂಜೆಗೇ ಹೋಯಿತು. ಒಳಗಿಟ್ಟಿದ್ದ ಅವಳ ಕಪ್ಪನ್ನು ಮರುದಿನ ನಾನೇ ಒಡೆದೆ.